ಲೀತ್‌ಗೆ ಹತ್ತು ಸೆಕೆಂಡ್ ತಡ

ಸ್ಕಾಟ್ಲೆಂಡಿನ ಎಡಿನ್‌ಬರೊ ಬಿಟ್ಟು ಮೈಸೂರಿಗೆ ವಾಪಸ್ ಬಂದು ಮೂರು ವರ್ಷ ಆದ್ಮೇಲೆ, 2024ರ ಮೇ ತಿಂಗಳಲ್ಲಿ ಆರು ದಿನಕ್ಕೆ ಅಂತ ಮತ್ತೆ ಹೋಗಿದ್ದೆ. ಕೆಲಸ ಏನೂ ಇರ್ಲಿಲ್ಲ, ಊರು ನೋಡ್ಬೇಕು ಅನ್ನಿಸ್ತು, ಹೊರಟೆ. ವೀಸಾ ಫಾರ್ಮಲ್ಲಿ ಟೂರಿಸಂ ಅಂತ ತುಂಬೋವಾಗ್ಲೇ ಕರುಳು ಚುರ್ ಅಂತು, ನಾಲ್ಕು ವರ್ಷ ಬಾಡಿಗೆ ಕಟ್ಕೊಂಡು, ಜ್ವರ ಬಂದಾಗ ಒಬ್ಳೇ ಗಂಜಿ ಕಾಯಿಸ್ಕೊಂಡು ಇದ್ದ ಊರಿಗೆ ನಾನು ಟೂರಿಸ್ಟಾ?

ಆ ನಾಲ್ಕು ವರ್ಷ ಇದ್ದಿದ್ದು ಎಡಿನ್‌ಬರೊದ ಲೀತಲ್ಲಿ, ಹಳೇ ಬಂದರಿನ ಕಡೆ. ಆಗ ಟ್ರಾಮ್ ಲೈನ್‌ಗೋಸ್ಕರ ಲೀತ್ ವಾಕ್ ರಸ್ತೆನೆಲ್ಲಾ ಅಗೆದು ಹಾಕಿದ್ರು, ಬ್ಯಾರಿಕೇಡ್‌ಗಳ ಮಧ್ಯೆನೇ 22ನೇ ನಂಬರ್ ಬಸ್ಸಲ್ಲಿ ನನ್ನ ಓಡಾಟ. ಟ್ರಾಮ್ ನ್ಯೂಹೇವನ್ ತನಕ ಓಡಕ್ಕೆ ಶುರುವಾಗಿದ್ದು 2023ರ ಜೂನಲ್ಲಿ, ನಾನು ಬಂದ್ಬಿಟ್ಟ ಮೇಲೆ. ಈ ಸಲ ಅದ್ರಲ್ಲೇ ಹೋದೆ, ನುಣ್ಣಗೆ ಹೋಗುತ್ತೆ, ಚೆನ್ನಾಗಿದೆ. ಆದ್ರೆ ಅಲ್ಲಿ ಬಸ್ ಇಳಿಯೋವಾಗ ಸ್ಕೂಲ್ ಮಕ್ಕಳಿಂದ ಹಿಡಿದು ಅಜ್ಜಿಯರ ತನಕ ಡ್ರೈವರ್‌ಗೆ ಒಂದು ಥ್ಯಾಂಕ್ಸ್ ಹೇಳಿ ಇಳಿಯೋದು ರೂಢಿ, ಟ್ರಾಮಲ್ಲಿ ಡ್ರೈವರ್ ಮುಚ್ಚಿದ ಕ್ಯಾಬಿನ್ ಒಳಗೆ. ಆ ಮಾತು ಬಾಯಿ ತನಕ ಬಂದು ಹಾಗೇ ಉಳೀತು. ಮಾರನೇ ದಿನದಿಂದ ಬಸ್ಸೇ ಹಿಡಿದೆ.

ಮೈಸೂರಲ್ಲಿ ನಂಗೆ ತುಂಬಾ ನೆನಪಾಗ್ತಿದ್ದಿದ್ದು ಎಡಿನ್‌ಬರೊ ಕೋಟೆ ಮೇಲಿಂದ ಮಧ್ಯಾಹ್ನ ಒಂದು ಗಂಟೆಗೆ ಹಾರಿಸೋ ತೋಪು. ದಸರಾ ಕುಶಾಲತೋಪು ಕೇಳ್ಕೊಂಡು ಬೆಳೆದೋಳು ನಾನು, ಆದ್ರೂ ಬರೀ ಟೈಮ್ ಹೇಳಕ್ಕೆ ದಿನಾ ತೋಪು ಹಾರಿಸ್ತಾರೆ ಅಂದ್ರೆ ಮೊದಮೊದಲು ನಂಬಕ್ಕೇ ಆಗ್ಲಿಲ್ಲ. 1852ರಿಂದ ಅಲ್ಲಿನ ಕಾಲ್ಟನ್ ಹಿಲ್ ಅನ್ನೋ ಗುಡ್ಡದ ಮೇಲಿರೋ ನೆಲ್ಸನ್ ಸ್ಮಾರಕದ ತುದಿಯಲ್ಲಿ ಸರಿಯಾಗಿ ಒಂದು ಗಂಟೆಗೆ ಒಂದು ದೊಡ್ಡ ಚೆಂಡು ಬೀಳಿಸ್ತಿದ್ರಂತೆ, ಹಡಗಿನೋರು ನೋಡಿ ಗಡಿಯಾರ ಸರಿ ಮಾಡ್ಕೊಳ್ಳಲಿ ಅಂತ. ಆದ್ರೆ ಸಮುದ್ರದಿಂದ ಮಂಜು ನುಗ್ಗಿದ್ರೆ, ಅಲ್ಲಿನೋರು ಅದಕ್ಕೆ ಹಾರ್ ಅಂತಾರೆ, ಚೆಂಡೆಲ್ಲಿ ಕಾಣುತ್ತೆ? ಅದಕ್ಕೇ 1861ರಲ್ಲಿ ತೋಪು ಬಂತು. ಲೀತ್ ಬಂದರು ಕೋಟೆಯಿಂದ ಮೂರು ಕಿಲೋಮೀಟರ್ ಮೇಲಿದೆ, ಸದ್ದು ಬಂದು ಮುಟ್ಟಕ್ಕೆ ಹತ್ತು ಸೆಕೆಂಡ್ ಹತ್ರ ಬೇಕು. ಕಿಚನ್ ಕಿಟಕಿ ತೆಗೆದು, ಫೋನಲ್ಲಿ ಒಂದು ಗಂಟೆ ಆಗಿದ್ದು ನೋಡಿ ಎಣಿಸ್ತಿದ್ದೆ, ಎಂಟು, ಒಂಬತ್ತು, ಹತ್ತು, ಆಮೇಲೆ ದೂರದಲ್ಲಿ ಧಂ.

ಈ ಸಲ ಹೋಗಿ ಇಳಿದಿದ್ದು ಭಾನುವಾರ. ಬ್ಯಾಗ್ ಎಸೆದು ಸೀದಾ ಶೋರ್ ಬೀದಿಗೆ ಓಡಿ ನೀರಿನಂಚಲ್ಲಿ ನಿಂತೆ. ಹತ್ತು ಎಣಿಸಿದೆ, ಇಪ್ಪತ್ತು, ಮೂವತ್ತು, ಸದ್ದೇ ಇಲ್ಲ. ಭಾನುವಾರ ತೋಪು ಹಾರಿಸಲ್ಲ ಅನ್ನೋದು ಆಮೇಲೆ ನೆನಪಾಯ್ತು. ನಾಲ್ಕು ವರ್ಷ ದಿನಾ ಕಾದು ಕೇಳಿದ್ದನ್ನ ಮೂರು ವರ್ಷಕ್ಕೆ ಮರ್ತೆ ಅಂತ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ, ಹಂಸಗಳು ಬ್ರೆಡ್ ಸಿಗುತ್ತೇನೋ ಅಂತ ಹತ್ರ ಬಂದು ನೋಡ್ಕೊಂಡು ಹೋದ್ವು.

ಸೋಮವಾರ ಮಂಜು ಅಂದ್ರೆ ಮಂಜು, ಎದುರು ದಡದ ಮನೆಗಳೇ ಕಾಣ್ತಿರ್ಲಿಲ್ಲ. ಅದೇ ಜಾಗದಲ್ಲಿ ನಿಂತು ಎಣಿಸಿದೆ. ಹತ್ತು ಅನ್ನೋಷ್ಟರಲ್ಲಿ ಬಂತು.

ಅಲ್ಲಿ ಮಧ್ಯಾಹ್ನ ಒಂದು ಅಂದ್ರೆ ಬೇಸಿಗೇಲಿ ನಮಗೆ ಸಂಜೆ ಐದೂವರೆ. ಅಮ್ಮ ಕಾಫಿಗೆ ಹಾಲು ಇಡೋ ಹೊತ್ತು.