ಅಜ್ಜನ ಕತ್ತಿ, ನನ್ನ ಗದ್ದ

ಅಜ್ಜನ ಮಡಚುವ ಕ್ಷೌರದ ಕತ್ತಿ ಟ್ರಂಕಿನಲ್ಲಿ ಸಿಕ್ಕಿ ಆರು ತಿಂಗಳಾಗಿತ್ತು. ಸಾಣೆ ಹಿಡಿಸಿ ಇಟ್ಟುಕೊಂಡಿದ್ದೆ, ಧೈರ್ಯ ಮಾತ್ರ ಬಂದಿರಲಿಲ್ಲ. ಇವತ್ತು ಬೆಳಿಗ್ಗೆ ಮನೆಯಲ್ಲಿ ಯಾರೂ ಇರಲಿಲ್ಲ. ಸರಿ, ನೋಡೇ ಬಿಡೋಣ ಅಂದುಕೊಂಡೆ.

ಮೊದಲು ಚರ್ಮದ ಪಟ್ಟಿಯ ಮೇಲೆ 40 ಸಲ ಎಳೆದೆ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವಾಗಲೂ ಬೆನ್ನಿನ ಮೇಲೇ ಹೊರಳಬೇಕು, ಇಲ್ಲಾಂದ್ರೆ ಪಟ್ಟಿಗೇ ಗಾಯ. ಆಮೇಲೆ ಬಿಸಿನೀರು, ಬ್ರಷ್ಷು, ದಪ್ಪ ನೊರೆ. ಎಡಗೈಯಿಂದ ಬಲಗೆನ್ನೆಯ ಚರ್ಮ ಬಿಗಿಯಾಗಿ ಎಳೆದು, ಕತ್ತಿಯನ್ನು 30 ಡಿಗ್ರಿಯಷ್ಟು ಓರೆ ಮಾಡಿ ಕಿವಿಯ ಪಕ್ಕದಿಂದ ಇಳಿಸಿದೆ. ಸರ್ರ್ ಅಂತ ಒಂದು ಸದ್ದು. ಒಣಗಿದ ಬಾಳೆಲೆ ಮೇಲೆ ಉಗುರು ಎಳೆದ ಹಾಗೆ. ಆ ಸದ್ದು ಕೇಳೋಕಾದರೂ ಇನ್ನೊಮ್ಮೆ ಮಾಡಬಹುದು.

ಕೆನ್ನೆ ಸಲೀಸು. ಗದ್ದದ ತಿರುವಿನಲ್ಲಿ ಓರೆ ತಪ್ಪಿತು. ಬಿಳಿ ನೊರೆಯಲ್ಲಿ ಒಂದು ಕೆಂಪು ಚುಕ್ಕೆ. ನೋವೇ ಇಲ್ಲ, ಅದಕ್ಕೇ ಹೆದರಿಕೆ ಆಗಿದ್ದು. ಪಟಿಕ ಒತ್ತಿದಾಗ ಮಾತ್ರ ಕಣ್ಣಲ್ಲಿ ನೀರು. ಮೇಲ್ದುಟಿಯ ತಂಟೆಗೆ ಹೋಗಲಿಲ್ಲ. ಮೀಸೆ ಇರುವುದು ಇದಕ್ಕೇ ಇರಬೇಕು.

ಸಲೂನಿನಲ್ಲಿ ಈಗ ಕತ್ತಿಗೆ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸ ಆದಮೇಲೆ ಎಸೆಯುತ್ತಾರೆ. ಅಲ್ಲಿ ಕತ್ತು ಒಪ್ಪಿಸಿ ನಿದ್ದೆಯನ್ನೂ ಮಾಡಿ ಬರುತ್ತೇನೆ. ನನ್ನದೇ ಕೈಯನ್ನು ಮಾತ್ರ ಅರ್ಧ ಗಂಟೆ ಉಸಿರು ಬಿಗಿಹಿಡಿದು ಕಾದೆ. ತಮಾಷೆ ಅಲ್ವಾ?

ಮಧ್ಯಾಹ್ನ ಬಂದ ಹೆಂಡತಿ, "ಎಡಗೆನ್ನೆ ಯಾಕೆ ಹಾಗೇ ಇದೆ?" ಅಂದಳು. ಎಡಗೈಗೆ ಕತ್ತಿ ಕೊಡುವುದು ಮುಂದಿನ ಭಾನುವಾರ.