ಮರುಪ್ರಶ್ನೆಗಾಗಿ ಸಿದ್ಧತೆ

ಮೈಸೂರು–ಮಂಡ್ಯ ಸೀಮೆಯ ರೈತರು, ಕುಶಲಕರ್ಮಿಗಳು ಮತ್ತು ರಂಗಕರ್ಮಿಗಳ ಮಾತನ್ನು ಪಾಡ್‌ಕಾಸ್ಟ್‌ಗಾಗಿ ಧ್ವನಿಮುದ್ರಿಸುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಕೇಳುಗರ ಮನಸ್ಸಿನಲ್ಲಿ ಉಳಿಯುವ ಮಾತು ಬಹುಮಟ್ಟಿಗೆ ಮರುಪ್ರಶ್ನೆಗೆ ಬಂದ ಉತ್ತರವಾಗಿರುತ್ತದೆ. ಮರುಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಳ್ಳಲು ಸಾಧ್ಯವಿಲ್ಲ. ಅದು ಹೊಳೆಯುವಷ್ಟು ವಿಷಯಜ್ಞಾನವನ್ನು ಮಾತ್ರ ಮೊದಲೇ ಸಂಪಾದಿಸಿಕೊಳ್ಳಬಹುದು. ಸಂದರ್ಶನದ ತಯಾರಿಯೆಂದು ನಾನು ಕರೆಯುವುದು ಇದನ್ನೇ.

ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಪಾಕ ಇಳಿಸುವ ಹಿರಿಯರನ್ನು, ಒಳ್ಳೆಯ ಬೆಲ್ಲ ಹೇಗೆ ಬರುತ್ತದೆ ಎಂದು ಕೇಳಿದೆ. ‘ಹದ ನೋಡ್ಕಂಡು ಇಳಿಸ್ಬೇಕು’ ಎಂದರು. ಉತ್ತರ ಸರಿಯಾಗಿಯೇ ಇತ್ತು, ಆದರೆ ಕೇಳುಗನ ಕಣ್ಣ ಮುಂದೆ ಏನೂ ಮೂಡಲಿಲ್ಲ. ‘ಹದ ಬಂತು ಅಂತ ನಿಮಗೆ ಹೆಂಗೆ ಗೊತ್ತಾಗುತ್ತೆ ಗೌಡ್ರೇ?’ ಎಂದು ಮತ್ತೆ ಕೇಳಿದಾಗ, ‘ವಸಿ ಪಾಕ ತಗುದು ತಣ್ಣೀರ್ಗೆ ಬಿಡ್ತೀನಿ. ಉಂಡೆ ಕಟ್ಟುದ್ರೆ ಬಂತು ಅಂತ’ ಎಂದರು. ಅಲ್ಲಿಂದ ಮಾತು ಕೊಪ್ಪರಿಗೆಯ ಗುಳ್ಳೆಗಳ ಬಣ್ಣಕ್ಕೆ, ಉರಿ ತಗ್ಗಿಸುವ ಹೊತ್ತಿಗೆ, ಇಳಿಸುವುದು ತುಸು ತಡವಾದರೆ ಬೆಲ್ಲ ಕಪ್ಪಾಗುವುದಕ್ಕೆ ತಾನಾಗಿಯೇ ಹರಿಯಿತು. ಅಚ್ಚು ಬೆಲ್ಲದ ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಳಿಸುತ್ತಾರೆ, ಮಡ್ಡಿ ತೆಗೆಯಲು ಸುಣ್ಣವನ್ನೂ ಬೆಂಡೆ ಗಿಡದ ಲೋಳೆಯನ್ನೂ ಬಳಸುವುದುಂಟು ಎಂಬುದನ್ನು ನಾನು ಮೊದಲೇ ಓದಿಕೊಂಡಿದ್ದೆ. ಆ ಅಂಕಿಯನ್ನು ಅವರೆದುರು ಹೇಳುವ ಅಗತ್ಯ ಬೀಳಲಿಲ್ಲ. ಥರ್ಮಾಮೀಟರ್ ಇಲ್ಲದೆ ಅವರು ಅದೇ ಹದವನ್ನು ಹಿಡಿಯುತ್ತಿದ್ದಾರೆಂಬ ಅರಿವು ನನ್ನಲ್ಲಿದ್ದುದರಿಂದಲೇ ಕೆದಕಬೇಕಾದ ಜಾಗ ಯಾವುದೆಂದು ತಿಳಿಯಿತು. ಸಂದರ್ಶಕನ ಓದು ಪ್ರಶ್ನೆಯ ಹಿಂದೆ ನಿಂತಿರಬೇಕು. ಪ್ರಶ್ನೆಯೊಳಗೇ ಅದು ಭಾಷಣವಾಗಿ ನುಸುಳಿದರೆ ಅತಿಥಿಗೆ ‘ಹೌದು’ ಎನ್ನುವುದರ ಹೊರತು ಬೇರೆ ಕೆಲಸ ಉಳಿಯುವುದಿಲ್ಲ.

ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸಿ ಎಂದು ಅನೇಕರು ಕೇಳುತ್ತಾರೆ. ನಾನು ವಿಷಯಗಳನ್ನಷ್ಟೇ ತಿಳಿಸುತ್ತೇನೆ. ಪ್ರಶ್ನೆಗಳನ್ನೇ ಕೊಟ್ಟರೆ ಉತ್ತರಗಳು ಹಾಳೆಯ ಮೇಲೆ ಬರುತ್ತವೆ, ಓದುವ ದನಿ ಓದುವ ದನಿಯಾಗಿಯೇ ಕೇಳಿಸುತ್ತದೆ. ದಿನ ಗೊತ್ತುಮಾಡಲು ಫೋನಿನಲ್ಲಿ ಮಾತನಾಡುವಾಗಲೂ, ಅವರು ಒಳ್ಳೆಯ ಪ್ರಸಂಗವೊಂದನ್ನು ಆರಂಭಿಸಿದರೆ ‘ಇದನ್ನು ಅಲ್ಲಿಗೆ ಬಂದಾಗಲೇ ಕೇಳುತ್ತೇನೆ ಸರ್’ ಎಂದು ವಿನಯದಿಂದ ತಡೆಯುವುದು ಉತ್ತಮ. ಒಮ್ಮೆ ಹೇಳಿ ಮುಗಿಸಿದ ಕಥೆಯನ್ನು ಎರಡನೆಯ ಬಾರಿ ಹೇಳುವಾಗ ಜನ ಅದನ್ನು ಚುಟುಕಾಗಿಸುತ್ತಾರೆ, ‘ಆವತ್ತು ಹೇಳಿದೆನಲ್ಲ’ ಎನ್ನುತ್ತಾರೆ.

ನಮ್ಮ ಕಡೆಯ ಸಂದರ್ಶನಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು ಭಾಷೆ. ಅಂಗಳದಲ್ಲಿ ಕಾಫಿ ಕುಡಿಯುವಾಗ ಸೊಗಸಾದ ಮಂಡ್ಯದ ಮಾತಿನಲ್ಲಿ ಇಡೀ ಜೀವನವನ್ನು ಬಿಚ್ಚಿಡುವ ವ್ಯಕ್ತಿ, ಮೈಕ್ ಕಂಡೊಡನೆ ವೇದಿಕೆಯ ಕನ್ನಡಕ್ಕೆ ಜಾರುತ್ತಾರೆ. ವಾಕ್ಯಗಳು ಗಂಭೀರವಾಗುತ್ತವೆ, ಹೆಸರುಗಳೂ ಜಗಳಗಳೂ ನಗುವೂ ಮಾಯವಾಗುತ್ತವೆ. ಇದಕ್ಕೆ ಬಹುಪಾಲು ಕಾರಣ ಸಂದರ್ಶಕನೇ. ‘ತಮ್ಮ ಬಾಲ್ಯದ ಅನುಭವಗಳನ್ನು ಹಂಚಿಕೊಳ್ಳಬಹುದೇ?’ ಎಂಬ ಪ್ರಶ್ನೆಗೆ ಅದೇ ಧಾಟಿಯ ಉತ್ತರವಲ್ಲದೆ ಬೇರೇನು ಬಂದೀತು? ‘ಚಿಕ್ಕವರಿದ್ದಾಗ ಬೆಳಿಗ್ಗೆ ಎದ್ದ ತಕ್ಷಣ ನಿಮಗೆ ಯಾವ ಕೆಲಸ ಹೇಳೋರು?’ ಎಂದು ಕೇಳಿದರೆ ಕೊಟ್ಟಿಗೆಯೂ ನಾಲೆಯೂ ತಾಯಿಯ ಗದರಿಕೆಯೂ ಒಟ್ಟಿಗೆ ಬರುತ್ತವೆ. ಆದ್ದರಿಂದ ಮೊದಲ ಕೆಲವು ನಿಮಿಷ ನಾನು ಸುಲಭವಾದ, ಕೈಗೆ ಸಿಗುವಂಥ ಸಂಗತಿಗಳನ್ನೇ ಕೇಳುತ್ತೇನೆ. ಸಾಲ, ಮನೆ ಪಾಲು, ನಿಂತುಹೋದ ಕಸುಬಿನಂಥ ಕಷ್ಟದ ವಿಷಯಗಳನ್ನು ವಿಶ್ವಾಸ ಮೂಡಿದ ನಂತರಕ್ಕೆ ಉಳಿಸಿಕೊಳ್ಳುತ್ತೇನೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಎಂಬ ನಿಯಮವನ್ನಂತೂ ಬಿಡಬಾರದು. ಮೂರು ಪ್ರಶ್ನೆಗಳನ್ನು ಪೋಣಿಸಿ ಕೇಳಿದರೆ ಅತಿಥಿ ಅವುಗಳಲ್ಲಿ ಹಗುರವಾದುದನ್ನು ಮಾತ್ರ ಆರಿಸಿಕೊಳ್ಳುತ್ತಾರೆ.

ಮನೆಯೇ ಸ್ಟುಡಿಯೊ ಆಗುವುದು ಮೈಸೂರಿಗೆ ಹೊಸತಲ್ಲ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಇಲ್ಲಿ ಆರಂಭಿಸಿದ್ದು ತಮ್ಮ ಮನೆಯಲ್ಲಿಯೇ. ಮನಸ್ಸನ್ನು ಅಭ್ಯಾಸ ಮಾಡಿದವರೊಬ್ಬರಿಂದ ನಮ್ಮ ಊರಿನ ಬಾನುಲಿ ಹುಟ್ಟಿತೆಂಬುದು ನನಗೆ ಹೆಮ್ಮೆಯ ವಿಷಯ. ಆದರೆ ಹಳೆಯ ಮನೆಗಳ ಎತ್ತರದ ಚಾವಣಿ, ರೆಡ್ ಆಕ್ಸೈಡ್ ನೆಲಗಳು ದನಿಯನ್ನು ಪ್ರತಿಧ್ವನಿಸುತ್ತವೆ. ಹಾಸಿಗೆ, ಪರದೆ, ಪುಸ್ತಕಗಳಿರುವ ಚಿಕ್ಕ ಕೋಣೆಯನ್ನು ಆರಿಸಿಕೊಳ್ಳಬೇಕು. ಫ್ಯಾನ್ ನಿಲ್ಲಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇಡಬೇಕು, ಹೆಡ್‌ಫೋನ್ ಹಾಕಿಕೊಂಡೇ ಕೂರಬೇಕು. ಬೆಳಗಿನ ತಿಂಡಿಯ ಬಗ್ಗೆ ಮಾತನಾಡಿಸಿ ದನಿಯ ಮಟ್ಟ ಸರಿಮಾಡಿಕೊಳ್ಳಬಹುದು. ಯಾರೂ ಮಾತನಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನಷ್ಟೇ ಮುದ್ರಿಸಿಕೊಂಡರೆ ಸಂಕಲನದಲ್ಲಿ ಬೆಸುಗೆ ಹಾಕಲು ಅದು ಒದಗುತ್ತದೆ.

ಅತಿಥಿ ಮಾತನಾಡುವಾಗ ‘ಹೌದು ಹೌದು’, ‘ಹ್ಞೂಂ’ ಎನ್ನುವ ನಮ್ಮ ಸಹಜ ಅಭ್ಯಾಸವನ್ನು ತಡೆದು ತಲೆಯಾಡಿಸುವುದನ್ನು ರೂಢಿಸಿಕೊಳ್ಳಬೇಕು. ಮಾತಿನ ಮೇಲೆ ಬಿದ್ದ ನಮ್ಮ ದನಿಯನ್ನು ಆಮೇಲೆ ಕಿತ್ತುಹಾಕಲಾಗುವುದಿಲ್ಲ. ಉತ್ತರ ಮುಗಿಯಿತೆನ್ನಿಸಿದ ಮೇಲೂ ಎರಡು ಉಸಿರಿನಷ್ಟು ಹೊತ್ತು ಕಾಯಬೇಕು. ನೇರ ಪ್ರಸಾರದಲ್ಲಿ ಮೌನ ದೋಷವೆನಿಸಬಹುದು, ಧ್ವನಿಮುದ್ರಣದಲ್ಲಿ ಅದಕ್ಕೆ ಹೆದರಬೇಕಿಲ್ಲ. ಅತಿಥಿ ತಾವಾಗಿಯೇ ‘ಇನ್ನೊಂದು ವಿಷಯ…’ ಎಂದು ಮುಂದುವರಿಸುವುದು ಈ ಬಿಡುವಿನಲ್ಲಿಯೇ.

‘ನಾನು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ?’ ಎಂಬುದು ನನ್ನ ಕೊನೆಯ ಪ್ರಶ್ನೆ, ಅದರ ಉತ್ತರ ಮುಗಿಯುವವರೆಗೂ ರೆಕಾರ್ಡರ್ ನಿಲ್ಲಿಸುವುದಿಲ್ಲ. ಅದು ಇನ್ನೂ ಚಾಲನೆಯಲ್ಲಿದೆ ಎಂದು ಅವರಿಗೆ ತಿಳಿಸಿಯೇ ಇರುತ್ತೇನೆ. ಸಂಕಲನದಲ್ಲಿ ಮಾತನ್ನು ಕಡಿಮೆ ಮಾಡಬಹುದು, ಆದರೆ ಒಂದು ಪ್ರಶ್ನೆಗೆ ಹೇಳಿದ ಉತ್ತರವನ್ನು ಇನ್ನೊಂದು ಪ್ರಶ್ನೆಯ ಮುಂದೆ ಜೋಡಿಸುವುದನ್ನು ನಾನು ಒಪ್ಪುವುದಿಲ್ಲ. ಮನೆಯವರ ಹೆಸರು, ಜಮೀನಿನ ವ್ಯಾಜ್ಯದಂಥದ್ದು ಬಾಯ್ತಪ್ಪಿ ಬಂದಿದ್ದರೆ, ಪ್ರಕಟಿಸುವ ಮೊದಲು ಫೋನ್ ಮಾಡಿ ಆ ಭಾಗವನ್ನು ಅವರಿಗೇ ಕೇಳಿಸಿ, ಬೇಡವೆಂದರೆ ತೆಗೆದುಹಾಕುತ್ತೇನೆ.