ಕೊಯ್ಲಿಗೆ ದೊಡ್ಡ ಮನೆ, ಮಳೆಗಾಲಕ್ಕೆ ಚಿಕ್ಕ ಮನೆ

ವಾರವಾರ 10 ರೂಪಾಯಿ ಏರಿಸುತ್ತ ದುಡ್ಡು ಕೂಡಿಡುವ ಲೆಕ್ಕ ಬಹಳ ಜನಕ್ಕೆ ಗೊತ್ತು. ಮೊದಲ ವಾರ 10, ಆಮೇಲೆ 20, ಹೀಗೇ 52ನೇ ವಾರಕ್ಕೆ 520. ವರ್ಷಕ್ಕೆ 13,780 ರೂಪಾಯಿ ಕೂಡುತ್ತದೆ. ಮೊದಲ 13 ವಾರಕ್ಕೆ ಬರೀ 910, ಕೊನೆಯ 13 ವಾರಕ್ಕೆ 5,980. ತಿಂಗಳ ಸಂಬಳದವರಿಗೆ ಹೇಗೋ ನಡೆಯುತ್ತದೆ.

ಚಿಕ್ಕಮಗಳೂರು ಕಡೆ ಕಾಫಿ ತೋಟದ ಬಟವಾಡೆ, ಅಂದರೆ ಕೂಲಿ ದುಡ್ಡು, ನಂಬಿದ ಕುಟುಂಬಗಳಲ್ಲಿ ನಡೆಯುವುದು ಕಷ್ಟ. ಜನವರಿಯಲ್ಲಿ ಶುರು ಮಾಡಿದರೆ 23ರಿಂದ 34ನೇ ವಾರ ಬೀಳುವುದು ಜೂನ್, ಜುಲೈ, ಆಗಸ್ಟಿಗೆ. ಆ 12 ವಾರಕ್ಕೆ 3,420 ರೂಪಾಯಿ ಬೇಕು. ಆಗ ಮಳೆ ಹಿಡಿದು ಕೆಲಸದ ದಿನ ಕಮ್ಮಿ, ಜೊತೆಗೆ ಮಕ್ಕಳ ಫೀಸು, ಪುಸ್ತಕ, ಕೊಡೆ. ಹುಂಡಿ ಒಡೆಯುವುದು ಆಗಲೇ. ಸೋಮಾರಿತನ ಅಂತ ಬೈದು ಪ್ರಯೋಜನವಿಲ್ಲ, ಲೆಕ್ಕವೇ ಇಲ್ಲಿನ ಹಂಗಾಮಿಗೆ ಹೊಂದಿಲ್ಲ.

ಅದಕ್ಕೆ ಬದಲು ಒಂದು ಹಾಳೆಯಲ್ಲಿ 52 ಮನೆ (ಚೌಕ) ಗೆರೆ ಹಾಕಿ, 10ರಿಂದ 520ರವರೆಗೆ ಬರೆಯಿರಿ. ವಾರಕ್ಕೊಂದು ಮನೆಯ ಮೊತ್ತ ಎತ್ತಿಟ್ಟು ಆ ಮನೆ ಹೊಡೆಯಬೇಕು, ಯಾವುದಾದರೂ ಸರಿ, ಒಟ್ಟು ಬದಲಾಗುವುದಿಲ್ಲ. ಅರೇಬಿಕಾ ಕಾಫಿ ಕೊಯ್ಲು ನವೆಂಬರಿನಿಂದ ಜನವರಿ. ಕೆಜಿ ಲೆಕ್ಕದಲ್ಲಿ ಹಣ್ಣು ಕುಯ್ದು ಕೈಯಲ್ಲಿ ಕಾಸಾಡುವ ಆ 12 ವಾರದಲ್ಲಿ 410ರಿಂದ 520ರ ಮನೆಗಳನ್ನು ಮುಗಿಸಿದರೆ 5,580 ಬಂತು. ರೊಬಸ್ಟಾ ಕುಯ್ಯುವವರು ಇವನ್ನು ಜನವರಿ–ಮಾರ್ಚಿಗೆ ಸರಿಸಿಕೊಳ್ಳಲಿ. ಮಳೆಗಾಲಕ್ಕೆ 10ರಿಂದ 120ರ 12 ಮನೆ: ಒಟ್ಟು 780 ಅಷ್ಟೇ. ಹಾಸನದ ಕಡೆ ಡೇರಿಗೆ ಹಾಲು ಹಾಕುವವರು ಚಿಕ್ಕ ಮನೆಗಳನ್ನು ಹಸು ಬತ್ತಿದ ತಿಂಗಳುಗಳಿಗೆ ಇಟ್ಟುಕೊಳ್ಳಬಹುದು.

ಇದರಲ್ಲಿ ಕೆಡುವುದು ಒಂದೇ ಕಡೆ: ಒಳ್ಳೆ ವಾರದಲ್ಲೂ ಕೈ ಚಿಕ್ಕ ಮನೆಗೇ ಹೋಗುತ್ತದೆ. 120ರವರೆಗಿನ ಮನೆಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಜೂನ್‌ವರೆಗೆ ಮುಟ್ಟಬೇಡಿ. ಒಂದು ವಾರ ತಪ್ಪಿತು ಅಂತ ಮುಂದಿನ ವಾರವೇ ಡಬಲ್ ಹಾಕಲು ಹೋಗಬೇಡಿ, ಅದೂ ತಪ್ಪುತ್ತದೆ. ಆ ಮನೆ ಕೊಯ್ಲಿನವರೆಗೆ ಕಾಯಲಿ.

ದುಡ್ಡು ಎತ್ತಿಡುವುದು ಬಟವಾಡೆಯಾದ ಕೂಡಲೇ, ಸಂತೆಗೆ ಹೊರಡುವ ಮುಂಚೆ. ಸಂತೆಯಿಂದ ಬಂದ ಮೇಲೆ ಚೀಲದ ತಳದಲ್ಲಿ ಸಿಗುವುದು ಚಿಲ್ಲರೆ ಮತ್ತು ಈರುಳ್ಳಿ ಸಿಪ್ಪೆ. ಡಬ್ಬಿಯಲ್ಲೂ ತಿಂಗಳಿಗಿಂತ ಹೆಚ್ಚು ಇಡಬೇಡಿ. ಪೋಸ್ಟ್ ಆಫೀಸಿನ ಎಸ್‌ಬಿ (ಉಳಿತಾಯ) ಖಾತೆ 500 ರೂಪಾಯಿಗೆ ತೆರೆಯುತ್ತದೆ.

ಪೋಸ್ಟ್ ಆಫೀಸಿನ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಖಾತೆ, ಮೊದಲ ವರ್ಷ ಬೇಡ. ತಿಂಗಳಿಗೆ ಕನಿಷ್ಠ 100, ಆದರೆ 5 ವರ್ಷವೂ ಒಂದೇ ಮೊತ್ತ ಕಟ್ಟಬೇಕು. ತಡವಾದರೆ 100ಕ್ಕೆ 1 ರೂಪಾಯಿ ದಂಡ; ನಾಲ್ಕು ಕಂತು ತಪ್ಪಿದರೆ ಖಾತೆ ನಿಂತುಹೋಗುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಮತ್ತೆ ಚಾಲೂ ಮಾಡಿಸಬೇಕು. ಎರಡನೇ ವರ್ಷ ತೆರೆದವರು ಫೆಬ್ರವರಿ ಕಂತಿನ ಜೊತೆಗೇ ಮುಂದಿನ ಆರು ತಿಂಗಳದ್ದನ್ನೂ ಕಟ್ಟಿಬಿಟ್ಟರೆ ಆಗಸ್ಟ್‌ವರೆಗೆ ಅತ್ತ ತಿರುಗಿ ನೋಡಬೇಕಿಲ್ಲ, ಮುಂಗಡಕ್ಕೆ ಸ್ವಲ್ಪ ರಿಯಾಯಿತಿಯೂ ಉಂಟು.